ಮನೆ ಹೊತ್ತು ಬರುವ ಅತಿಥಿ

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಉಲ್ಲಾಪೂಲ್ ಎಂಬ ಪುಟ್ಟ ಬಂದರು ಇದೆ. ಸುಣ್ಣ ಬಳಿದ ಒಂದು ಸಾಲು ಮನೆಗಳು, ಅವುಗಳ ಮುಂದೆ ಒಂದು ಬೀದಿ, ಬೀದಿಗೆ ತಗುಲಿದಂತೆ ಹಡಗುಕಟ್ಟೆ. ಬೇಸಗೆ ಬಂತೆಂದರೆ ಈ ಕಟ್ಟೆಯ ಮೇಲೆ ಬೆಳಗಿನಿಂದಲೇ ವಾಹನಗಳು ಪಂಕ್ತಿ ಪಂಕ್ತಿಯಾಗಿ ನಿಲ್ಲುತ್ತವೆ. ರೊಟ್ಟಿ, ಹಾಲು, ತರಕಾರಿ ತುಂಬಿದ ಲಾರಿಗಳು ಒಂದು ಕಡೆ. ಇನ್ವರ್‌ನೆಸ್ಸಿನ ಆಸ್ಪತ್ರೆಯಿಂದಲೋ ಬಂಧುಗಳ ಮನೆಯಿಂದಲೋ ಊರಿಗೆ ಮರಳುವ ದ್ವೀಪವಾಸಿಗಳ ಕಾರುಗಳು ಇನ್ನೊಂದು ಕಡೆ. ಇವೆರಡರ ನಡುವೆ ಬಿಳಿಯ ಗೋಡೆಗಳಂತೆ ಎದ್ದು ನಿಂತ ಎತ್ತರದ ಗಾಡಿಗಳು. ಅಮೆರಿಕದವರು ಇವನ್ನು ಆರ್.ವಿ. ಎನ್ನುತ್ತಾರೆ, ಬ್ರಿಟನ್ನಿನವರು ಮೋಟಾರ್‌ಹೋಮ್ ಎಂದೋ ಕ್ಯಾಂಪರ್‌ವ್ಯಾನ್ ಎಂದೋ ಕರೆಯುತ್ತಾರೆ. ನಾವು ಈ ಲೇಖನದ ಮಟ್ಟಿಗೆ ಮನೆಗಾಡಿ ಎನ್ನೋಣ. ಎಲ್ಲವೂ ಕಾಯುತ್ತಿರುವುದು ಒಂದೇ ಹಡಗಿಗಾಗಿ. ಅದು ಲೂಯಿಸ್ ದ್ವೀಪದ ಸ್ಟಾರ್ನೋವೇ ಪಟ್ಟಣಕ್ಕೆ ಹೋಗತಕ್ಕದ್ದು. ಪ್ರಯಾಣ ಎರಡೂವರೆ ಗಂಟೆಗೂ ಮಿಕ್ಕಿನದು.

ಮನೆಗಾಡಿಯೆಂದರೆ ಏನೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಲಗಲು ಮಂಚ, ಅಡುಗೆಗೆ ಒಲೆ, ಪಾತ್ರೆ ತೊಳೆಯಲು ತೊಟ್ಟಿ, ಒಂದು ಮೂಲೆಯಲ್ಲಿ ಶೌಚಗೃಹ, ಇಷ್ಟನ್ನೂ ನಾಲ್ಕು ಚಕ್ರಗಳ ಮೇಲೆ ಕೂರಿಸಿದರೆ ಆಯಿತು. ಬಸವನಹುಳು ತನ್ನ ಚಿಪ್ಪನ್ನು ಹೊತ್ತು ತಿರುಗುವಂತೆ ಮನುಷ್ಯನು ತನ್ನ ಸಂಸಾರವನ್ನೇ ಹೊತ್ತು ತಿರುಗಬಹುದು. ಇಂಥ ಪ್ರವಾಸದ ಆಕರ್ಷಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಬ್ರಿಟನ್ನಿನಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಿಗಂತೂ ಇದರಲ್ಲಿ ವಿಶೇಷವಾದ ಅನುಕೂಲವಿದೆ. ಮೀನು, ಮಾಂಸಗಳೇ ಪ್ರಧಾನವಾದ ನಾಡಿನಲ್ಲಿ ಅಡುಗೆಮನೆ ಬೆನ್ನ ಹಿಂದೆಯೇ ಇದ್ದರೆ ಅನ್ನ ಸಾರಿಗೆ ಪರರ ಹಂಗಿಲ್ಲ. ಮಕ್ಕಳು ಹಸಿದಾಗ ಊಟದ ವೇಳೆಯನ್ನು ಹೋಟೆಲಿನವರು ನಿರ್ಣಯಿಸಬೇಕಾದ್ದಿಲ್ಲ. ಭಾರತದಲ್ಲಿ ಪಡೆದ ಚಾಲನಾ ಪರವಾನಗಿಯ ಬಲದಿಂದಲೇ ಅಲ್ಲಿಗೆ ಹೋದ ಮೊದಲ ವರ್ಷ ಸಾಧಾರಣ ತೂಕದ ಮನೆಗಾಡಿಯನ್ನು ನಡೆಸಲು ಕಾನೂನು ಅನುಮತಿ ಕೊಡುತ್ತದೆ. ಆದುದರಿಂದ ಇದು ದೂರದೇಶದವರ ವಿಚಾರ, ನಮಗೇಕೆ ಎಂದು ಸುಮ್ಮನಾಗುವಂತಿಲ್ಲ.

ಹೋಗುವ ಜಾಗವಾದರೂ ಎಂಥದು! ಔಟರ್ ಹೆಬ್ರಿಡೀಸ್ ಎಂಬ ಈ ದ್ವೀಪಮಾಲೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ಉದ್ದಕ್ಕೆ ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ಮಲಗಿದೆ. ಉತ್ತರದಲ್ಲಿ ಲೂಯಿಸ್ ಮತ್ತು ಹ್ಯಾರಿಸ್, ಅವುಗಳ ಕೆಳಗೆ ಉತ್ತರ ಯೂಯಿಸ್ಟ್, ಬೆನ್‌ಬೆಕ್ಯುಲಾ, ದಕ್ಷಿಣ ಯೂಯಿಸ್ಟ್, ಎರಿಸ್ಕೇ, ಬಾರಾ, ಕಟ್ಟಕಡೆಗೆ ವ್ಯಾಟರ್ಸೇ. ಎಲ್ಲ ಸೇರಿ ಜನಸಂಖ್ಯೆ ಸುಮಾರು 26,000. ನಮ್ಮ ಒಂದು ತಾಲ್ಲೂಕು ಕೇಂದ್ರದ ಜನಕ್ಕಿಂತ ಕಡಮೆ. ಇಲ್ಲಿನ ಬಂಡೆಗಳು ಮೂರು ನೂರು ಕೋಟಿ ವರ್ಷಗಳಷ್ಟು ಹಳೆಯವು. ಕ್ಯಾಲನಿಷ್ ಎಂಬಲ್ಲಿ ಸುಮಾರು 5,000 ವರ್ಷಗಳ ಹಿಂದೆ ಯಾರೋ ನೆಟ್ಟ ಕಲ್ಲುಗಂಬಗಳು ಇನ್ನೂ ನಿಂತಿವೆ. ಜೂನ್ ತಿಂಗಳಿನಲ್ಲಿ ಸೂರ್ಯನು ಸುಮಾರು 18 ಗಂಟೆಗಳ ಕಾಲ ಆಕಾಶದಲ್ಲಿರುತ್ತಾನೆ. ಅವನು ಮುಳುಗಿದ ಮೇಲೂ ಕತ್ತಲೆ ಪೂರ್ಣವಾಗಿ ಇಳಿಯುವುದಿಲ್ಲ. ಹ್ಯಾರಿಸ್ಸಿನ ಪಶ್ಚಿಮದಲ್ಲಿ ಲಸ್ಕೆಂಟೈರ್ ಎಂಬ ಮರಳುತೀರವಿದೆ. ಅಲ್ಲಿಯ ನೀರಿನ ಬಣ್ಣವನ್ನು ಚಿತ್ರದಲ್ಲಿ ಕಂಡವರು ಅದು ಉಷ್ಣವಲಯದ ಯಾವುದೋ ದ್ವೀಪವೆಂದೇ ತಿಳಿದಾರು. ಕಾಲಿಟ್ಟ ಮೇಲೆ ಮಾತ್ರ ಅದು ಉತ್ತರ ಅಕ್ಷಾಂಶದ ಕಡಲೆಂಬುದು ಮೂಳೆಗೆ ತಿಳಿಯುತ್ತದೆ. ಇಂಥ ತೀರದ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಕಾಫಿ ಕುಡಿಯುತ್ತ ಹತ್ತೂವರೆ ಗಂಟೆಯ ಸೂರ್ಯಾಸ್ತವನ್ನು ನೋಡುವ ಆಸೆ ಯಾರಿಗೆ ಆಗದು?

ಆಸೆ ಎಲ್ಲರಿಗೂ ಆಗುವುದೇ ಇಲ್ಲಿಯ ತೊಡಕು.

ತೊಡಕು ಮೊದಲಾಗುವುದು ದ್ವೀಪದಲ್ಲಲ್ಲ, ಹಡಗಿನಲ್ಲಿ. ಸ್ಟಾರ್ನೋವೇ ಮಾರ್ಗಕ್ಕೆಂದು 2015ರಲ್ಲಿ ಬಂದ 'ಲಾಕ್ ಸೀಫೋರ್ತ್' ಎಂಬ ಹಡಗು 143 ಕಾರುಗಳನ್ನು ಅಥವಾ 20 ಲಾರಿಗಳನ್ನು ಹೊರಬಲ್ಲುದು. ಈ ಲೆಕ್ಕದಲ್ಲಿಯೇ ಕಥೆಯೆಲ್ಲ ಅಡಗಿದೆ. ಹಡಗಿನ ಅಟ್ಟದ ಮೇಲಿರುವುದು ಇಷ್ಟು ಮೀಟರ್ ಜಾಗ, ಅಷ್ಟೆ. ಸಾಧಾರಣ ಕಾರಿನ ಉದ್ದ ನಾಲ್ಕೂ ಕಾಲು ಮೀಟರ್ ಎಂದಿಟ್ಟುಕೊಂಡರೆ, ಮನೆಗಾಡಿಯದು ಆರರಿಂದ ಏಳೂವರೆ ಮೀಟರ್. ಎತ್ತರವೂ ಹೆಚ್ಚಾದ್ದರಿಂದ ಅದು ಲಾರಿಗಳ ಸಾಲಿನಲ್ಲಿಯೇ ನಿಲ್ಲಬೇಕು, ಕಾರುಗಳನ್ನು ತುಂಬುವ ತಗ್ಗಿನ ಅಟ್ಟಗಳಿಗೆ ಹೋಗಲಾರದು. ಮೂರು ಮನೆಗಾಡಿಗಳು ಏರಿದರೆ ಒಂದು ದೊಡ್ಡ ಲಾರಿಯ ಜಾಗ ಮುಗಿದಂತೆ. ಆ ಲಾರಿಯಲ್ಲಿರುವುದು ಅಂಗಡಿಯ ದಿನಸಿಯೋ, ಮನೆ ಕಟ್ಟುವವನ ಮರಮುಟ್ಟೋ ಆಗಿರಬಹುದು. ಹಿಂದಿರುಗುವ ದಾರಿಯಲ್ಲಾದರೆ ಸ್ಪೇನಿನ ಮಾರುಕಟ್ಟೆಗೆ ಜೀವಂತವಾಗಿ ತಲಪಬೇಕಾದ ಸೀಗಡಿ ಆಗಿರಬಹುದು. ಸೀಗಡಿ ನಾಳೆಯ ಹಡಗಿಗೆ ಕಾಯುವುದಿಲ್ಲ.

ಪ್ರವಾಸಿಯ ಪ್ರಯಾಣಕ್ಕೂ ದ್ವೀಪವಾಸಿಯ ಪ್ರಯಾಣಕ್ಕೂ ಇರುವ ಮುಖ್ಯ ವ್ಯತ್ಯಾಸ ಕಾಲದ್ದು. ಜುಲೈ ತಿಂಗಳ ರಜೆಯನ್ನು ಜನವರಿಯಲ್ಲಿಯೇ ಗೊತ್ತುಮಾಡಿ ಟಿಕೆಟ್ಟು ತೆಗೆದಿಡುವುದು ಪ್ರವಾಸಿಗೆ ಸುಲಭ. ಆದರೆ ಚಿಕ್ಕಪ್ಪನ ಸಾವನ್ನು ಆರು ತಿಂಗಳ ಮೊದಲು ಗೊತ್ತುಮಾಡುವವರು ಯಾರು? ಗ್ಲಾಸ್ಗೋ ಆಸ್ಪತ್ರೆಯ ವೈದ್ಯರು ಹತ್ತು ದಿನ ಮುಂಚೆ ದಿನಾಂಕ ತಿಳಿಸಿದರೆ, ಟ್ರ್ಯಾಕ್ಟರಿನ ಬಿಡಿಭಾಗ ತರಲು ಮಂಗಳವಾರ ಹೊರಡಬೇಕೆಂದು ಸೋಮವಾರ ಹೊಳೆದರೆ, ಅಟ್ಟದ ಮೇಲೆ ಜಾಗವಿರುವುದಿಲ್ಲ. ತನ್ನ ಊರಿನ ಹಡಗಿನಲ್ಲಿ ತನಗೆ ಸ್ಥಳವಿಲ್ಲದೆ, ಯಾರಾದರೂ ಬಾರದಿದ್ದರೆ ಹತ್ತಿಸಿಕೊಳ್ಳುತ್ತೇವೆಂಬ ಸಾಲಿನಲ್ಲಿ ದ್ವೀಪದವನು ಕಾಯುತ್ತಾನೆ.

ಹೀಗಾದುದಕ್ಕೆ ಒಂದು ಸದುದ್ದೇಶದ ಕ್ರಮವೂ ಕಾರಣವಾಯಿತು. ಈ ಮಾರ್ಗಗಳಲ್ಲಿ ಹಡಗು ನಡೆಸುವುದು ಕ್ಯಾಲೆಡೋನಿಯನ್ ಮ್ಯಾಕ್‌ಬ್ರೇನ್ ಎಂಬ ಸಾರ್ವಜನಿಕ ಸಂಸ್ಥೆ. ಅದರ ದರ ವಿಪರೀತವಾಗಿದ್ದ ಕಾಲದಲ್ಲಿ ದ್ವೀಪದವರ ಬದುಕು ದುಬಾರಿಯಾಗಿತ್ತು. ಸಮುದ್ರದ ಮೇಲಿನ ದೂರಕ್ಕೆ ಅಷ್ಟೇ ದೂರದ ರಸ್ತೆಪ್ರಯಾಣಕ್ಕೆ ಆಗುವ ವೆಚ್ಚವನ್ನು ಆಧಾರವಾಗಿಟ್ಟುಕೊಂಡು ದರ ನಿರ್ಣಯಿಸಬೇಕೆಂದು ಸ್ಕಾಟ್ಲೆಂಡ್ ಸರ್ಕಾರ 2008ರ ಅಕ್ಟೋಬರಿನಲ್ಲಿ ಪ್ರಯೋಗ ಆರಂಭಿಸಿತು. ಮುಂದೆ ಅದನ್ನು ಖಾಯಂ ಮಾಡಿ ಇತರ ದ್ವೀಪಗಳಿಗೂ ವಿಸ್ತರಿಸಿತು. ಸಮುದ್ರವೂ ಒಂದು ರಸ್ತೆ, ದ್ವೀಪದವನಿಗೆ ಅದಕ್ಕಾಗಿ ದಂಡ ವಿಧಿಸಬಾರದು ಎಂಬ ತತ್ತ್ವ ನ್ಯಾಯವಾದುದೇ. ದರ ಇಳಿಯಿತು, ವಾಹನಗಳು ಏರಿದವು. ಹಡಗುಗಳ ಸಂಖ್ಯೆ ಮಾತ್ರ ಅದಕ್ಕೆ ತಕ್ಕಂತೆ ಏರಲಿಲ್ಲ. ಇದ್ದ ಹಡಗುಗಳೂ ಮುದಿಯಾದವು. 2015ರಲ್ಲಿ ಆಜ್ಞೆ ಕೊಟ್ಟ ಎರಡು ಹೊಸ ಹಡಗುಗಳ ಪೈಕಿ ಮೊದಲನೆಯದು ಪ್ರಯಾಣಿಕರನ್ನು ಹೊತ್ತದ್ದು 2025ರ ಜನವರಿಯಲ್ಲಿ, ಅದೂ ದಕ್ಷಿಣದ ಆರನ್ ದ್ವೀಪಕ್ಕೆ. ಒಂದು ಕಡೆ ಯಂತ್ರ ಕೆಟ್ಟರೆ ಇನ್ನೊಂದು ಕಡೆಯ ಹಡಗನ್ನು ಎಳೆದು ತರುವುದು ವಾಡಿಕೆಯಾಯಿತು. 2023ರ ಜೂನಿನಲ್ಲಿ ದಕ್ಷಿಣ ಯೂಯಿಸ್ಟ್ ದ್ವೀಪದ ಲಾಕ್‌ಬಾಯ್ಸ್‌ಡೇಲ್ ಬಂದರಿನ ಸೇವೆಯನ್ನು ಹೆಚ್ಚುಕಡಮೆ ತಿಂಗಳು ಪೂರ್ತಿ ರದ್ದುಗೊಳಿಸಿದಾಗ, ಸುಮಾರು 500 ಜನ ದ್ವೀಪವಾಸಿಗಳು 200 ವಾಹನಗಳೊಡನೆ ಬರಿದಾದ ಹಡಗುಕಟ್ಟೆಗೆ ಬಂದು ಪ್ರತಿಭಟಿಸಿದರು. ಎರಡು ಸಾವಿರದಷ್ಟೂ ಜನರಿಲ್ಲದ ದ್ವೀಪದಲ್ಲಿ ಐನೂರು ಜನ ಸೇರುವುದೆಂದರೆ ಮನೆಮನೆಯೂ ಎದ್ದು ಬಂದಂತೆ.

ಇದನ್ನು ಓದುವಾಗ ನಮ್ಮಲ್ಲಿ ಕೆಲವರಿಗಾದರೂ ತುಮರಿಯ ಲಾಂಚು ನೆನಪಿಗೆ ಬರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ, ಸಾಗರ ತಾಲ್ಲೂಕಿನ ಕರೂರು ಸೀಮೆಯ ಹಳ್ಳಿಗಳು ಮೂರು ಕಡೆ ನೀರಿನ ನಡುವೆ ಉಳಿದವು. ನಾಡಿಗೆಲ್ಲ ಬೆಳಕು ಕೊಟ್ಟವರು ತಾವು ಸಾಗರದ ಪೇಟೆಗೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದರು. ಮುಂದೆ ಸಿಗಂದೂರಿನ ದೇವಸ್ಥಾನಕ್ಕೆ ಭಕ್ತರ ಪ್ರವಾಹ ಹರಿಯತೊಡಗಿದ ಮೇಲೆ ಅದೇ ಲಾಂಚಿಗೆ ದೂರದ ಊರುಗಳ ಕಾರು, ವ್ಯಾನುಗಳು ಸಾಲುಗಟ್ಟಿದವು. ಹೆರಿಗೆಯ ನೋವು ತಿನ್ನುತ್ತಿರುವವಳಿಗೂ ತೀರ್ಥಯಾತ್ರೆಗೆ ಬಂದವನಿಗೂ ನೀರಿನ ಮೇಲೆ ಇದ್ದ ಮಾರ್ಗ ಒಂದೇ. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆ 2025ರ ಜುಲೈಯಲ್ಲಿ ತೆರೆಯುವವರೆಗೆ ಅರವತ್ತು ವರ್ಷ ಅವರು ಹೀಗೆ ಬದುಕಿದರು. ಭಕ್ತನ ತಪ್ಪೇನೂ ಇಲ್ಲ. ಅವನಿಗೆ ಅದು ವರ್ಷಕ್ಕೊಮ್ಮೆಯ ದೋಣಿವಿಹಾರ. ಪಕ್ಕದಲ್ಲಿ ನಿಂತವನಿಗೆ ಅದು ದಿನದ ದಾರಿ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಹೆಬ್ರಿಡೀಸಿಗೆ ಶರಾವತಿಯಂತೆ ಸೇತುವೆ ಬರುವ ಸಂಭವವಿಲ್ಲ.

ಹಡಗು ಇಳಿದ ಮೇಲಿನ ಕಥೆ ನೆಲದ್ದು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯಿದೆಯು ಎಲ್ಲರಿಗೂ ಬೆಟ್ಟ, ಬಯಲು, ತೀರಗಳಲ್ಲಿ ತಿರುಗಾಡುವ, ಗುಡಾರ ಹಾಕಿ ರಾತ್ರಿ ಕಳೆಯುವ ಹಕ್ಕನ್ನು ಕೊಟ್ಟಿದೆ. ಇಷ್ಟು ಉದಾರವಾದ ಕಾನೂನು ಜಗತ್ತಿನಲ್ಲಿ ಹೆಚ್ಚು ಕಡೆ ಇಲ್ಲ. ಮನೆಗಾಡಿಯವರಲ್ಲಿ ಅನೇಕರು ಇದರ ಅರ್ಧವನ್ನು ಮಾತ್ರ ಓದಿಕೊಂಡು ಬರುತ್ತಾರೆ. ಆ ಹಕ್ಕು ಕಾಲ್ನಡಿಗೆಯವನಿಗೆ, ಸೈಕಲ್ಲಿನವನಿಗೆ, ಕುದುರೆಯವನಿಗೆ ಉಂಟು. ಮೋಟಾರು ವಾಹನಕ್ಕೆ ಇಲ್ಲ. ರಸ್ತೆಬಿಟ್ಟು ಹುಲ್ಲುಗಾವಲಿನೊಳಗೆ ಗಾಡಿ ನುಗ್ಗಿಸುವುದು 1988ರ ರಸ್ತೆ ಸಂಚಾರ ಕಾಯಿದೆಯ ಪ್ರಕಾರ ಅಪರಾಧ. ರಸ್ತೆಯಂಚಿನಲ್ಲಿ ನಿಲ್ಲಿಸಲು 15 ಗಜಗಳವರೆಗೆ ಕಾನೂನು ಶಿಕ್ಷಿಸದೆ ಬಿಡುತ್ತದೆಯೇ ಹೊರತು, ಅಷ್ಟರಿಂದಲೇ ಪರರ ನೆಲದಲ್ಲಿ ನಿಲ್ಲುವ ಹಕ್ಕು ಹುಟ್ಟುವುದಿಲ್ಲ.

ಆ ಹುಲ್ಲುಗಾವಲಾದರೂ ಬರಿಯ ಹುಲ್ಲಲ್ಲ. ಗೇಲಿಕ್ ಭಾಷೆಯಲ್ಲಿ ಅದಕ್ಕೆ ಮಾಹರ್ ಎಂದು ಹೆಸರು. ಶತಮಾನಗಳಿಂದ ಅಟ್ಲಾಂಟಿಕ್ ಗಾಳಿ ಚಿಪ್ಪಿನ ಪುಡಿಮರಳನ್ನು ತಂದು ತೀರದ ಮೇಲೆ ಹರಡಿದೆ; ಅದರ ಸುಣ್ಣದ ಅಂಶ ಒಳನಾಡಿನ ಹುಳಿಮಣ್ಣಿನೊಡನೆ ಬೆರೆತು ಫಲವತ್ತಾದ ಒಂದು ಪಟ್ಟಿ ಹುಟ್ಟಿದೆ. ದ್ವೀಪದವರು ಅಲ್ಲಿ ಓಟ್ಸ್, ರೈ ಬೆಳೆಯುತ್ತಾರೆ, ದನ ಮೇಯಿಸುತ್ತಾರೆ. ಬೇಸಗೆಯಲ್ಲಿ ಅದು ಹಾಸುಗಂಬಳಿಯಂತೆ ಹೂವಾಗುತ್ತದೆ. ಬ್ರಿಟನ್ನಿನಲ್ಲಿ ಬೇರೆಡೆ ವಿರಳವಾದ ಕಾರ್ನ್‌ಕ್ರೇಕ್ ಹಕ್ಕಿ ಆಫ್ರಿಕದಿಂದ ಹಾರಿಬಂದು ಆ ಹುಲ್ಲಿನಲ್ಲಿಯೇ ಮೊಟ್ಟೆಯಿಡುತ್ತದೆ. ಈ ನೆಲವನ್ನು ಹಿಡಿದಿಟ್ಟಿರುವುದು ಮೇಲಿನ ತೆಳುವಾದ ಹುಲ್ಲಿನ ಚರ್ಮ ಮಾತ್ರ. ಮೂರು ಟನ್ನಿನ ಗಾಡಿಯ ಚಕ್ರ ಆ ಚರ್ಮವನ್ನು ಹರಿಯಿತೆಂದರೆ ಗಾಳಿ ಆ ಗಾಯದೊಳಗೆ ಕೈಹಾಕುತ್ತದೆ. ಚಳಿಗಾಲದ ಬಿರುಗಾಳಿಗೆ ಒಂದು ಗೆರೆ ಗುಂಡಿಯಾಗುತ್ತದೆ, ಗುಂಡಿ ಹಳ್ಳವಾಗುತ್ತದೆ. ಕಾಫಿ ಕುಡಿದು ಹೋದವನು ಆ ಹೊತ್ತಿಗೆ ಊರಿನಲ್ಲಿ ಚಳಿ ಕಾಯಿಸಿಕೊಳ್ಳುತ್ತಿರುತ್ತಾನೆ.

ಬೇಲಿಯಿಲ್ಲದ್ದನ್ನು ಕಂಡು ಇದು ಯಾರದ್ದೂ ಅಲ್ಲ ಎಂದುಕೊಳ್ಳುವುದು ಹೊರಗಿನವನ ಸಹಜ ಭ್ರಮೆ. ಈ ದ್ವೀಪಗಳಲ್ಲಿ ನೆಲದಷ್ಟು ಕಣ್ಣೀರು ಕುಡಿದ ವಸ್ತು ಇನ್ನೊಂದಿಲ್ಲ. 19ನೆಯ ಶತಮಾನದಲ್ಲಿ ಜಮೀನುದಾರರು ಕುರಿ ಸಾಕಲು ಜನರನ್ನು ಒಕ್ಕಲೆಬ್ಬಿಸಿದರು. 1851ರ ಒಂದೇ ವರ್ಷದಲ್ಲಿ ಕ್ಲೂನಿಯ ಗಾರ್ಡನ್ ಎಂಬ ಒಡೆಯನು ದಕ್ಷಿಣ ಯೂಯಿಸ್ಟ್, ಬಾರಾಗಳಿಂದ ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿ ಕೆನಡಾಕ್ಕೆ ಸಾಗಿಸಿದನು. ಉಳಿದವರ ಹೋರಾಟದ ಫಲವಾಗಿ 1886ರ ಕಾಯಿದೆ ಬಂದು, ಕ್ರಾಫ್ಟ್ ಎಂಬ ಸಣ್ಣ ಹಿಡುವಳಿಯ ರೈತನಿಗೆ ಗೇಣಿಯ ಭದ್ರತೆ ದೊರೆಯಿತು. ಅಷ್ಟರಿಂದಲೂ ನೆಲ ಸಾಲದೆ ಹೋಯಿತು. ವ್ಯಾಟರ್ಸೇ ದ್ವೀಪದಲ್ಲಿ ಭೂಹೀನರು ತಾವಾಗಿಯೇ ನೆಲ ಹಿಡಿದು ಗುಡಿಸಲು ಕಟ್ಟಿಕೊಂಡರೆಂದು 1908ರಲ್ಲಿ ಹತ್ತು ಜನರನ್ನು ಎಡಿನ್‌ಬರೋ ಸೆರೆಮನೆಗೆ ಹಾಕಲಾಯಿತು. ಜನಾಭಿಪ್ರಾಯ ಕೆರಳಿ, ಮರುವರ್ಷ ಸರ್ಕಾರವೇ ದ್ವೀಪವನ್ನು ಕೊಂಡು ಅವರಿಗೆ ಹಂಚಬೇಕಾಯಿತು. ಅದೇ ವ್ಯಾಟರ್ಸೇಯವರು ತಮ್ಮ ದನಗಳನ್ನು ಮಾರಲು ಬಾರಾಕ್ಕೆ ಕಡಲ ತೋಡಿನಲ್ಲಿ ಈಜಿಸಿಕೊಂಡು ಹೋಗುತ್ತಿದ್ದರು. 1986ರಲ್ಲಿ ಬರ್ನಿ ಎಂಬ ಹೆಸರಿನ ಹೋರಿಯೊಂದು ಹಾಗೆ ಈಜುವಾಗ ಮುಳುಗಿ ಸತ್ತ ಮೇಲೆ, ಅದರ ಸುದ್ದಿ ದೇಶವೆಲ್ಲ ಹರಡಿ, 1991ಕ್ಕೆ ಅವರಿಗೊಂದು ಕಲ್ಲುಕಟ್ಟೆಯ ರಸ್ತೆಯಾಯಿತು. ಮನುಷ್ಯರು ವರ್ಷಗಟ್ಟಲೆ ಕೇಳಿದ್ದನ್ನು ಒಂದು ಹೋರಿ ಸತ್ತು ಕೊಡಿಸಿತು! ಈಗ ಮನೆಗಾಡಿಗಳು ಆ ತೀರಕ್ಕೆ ಹೋಗುವುದು ಅದೇ ಕಟ್ಟೆಯ ಮೇಲೆ.

ಈಚೆಗೆ ದ್ವೀಪದವರು ತಮ್ಮ ನೆಲವನ್ನು ತಾವೇ ಕೊಳ್ಳತೊಡಗಿದ್ದಾರೆ. ಉತ್ತರ ಹ್ಯಾರಿಸ್ 2003ರಲ್ಲಿ, ದಕ್ಷಿಣ ಯೂಯಿಸ್ಟ್ ಮತ್ತು ಅದರ ನೆರೆಯ ದ್ವೀಪಗಳ 93,000 ಎಕರೆಯ ಜಮೀನು 2006ರಲ್ಲಿ, ಪಶ್ಚಿಮ ಹ್ಯಾರಿಸ್ 2010ರಲ್ಲಿ ಅಲ್ಲಲ್ಲಿಯ ಜನರ ಟ್ರಸ್ಟುಗಳ ಕೈಗೆ ಬಂದವು. ಹೊರಗಿನವರಿಗೆ ಮೈದಾನವಾಗಿ ತೋರುವುದು ಇವರಿಗೆ ನೂರೈವತ್ತು ವರ್ಷ ಕಾದು ಪಡೆದ ಸ್ವತ್ತು. ಇದನ್ನು ಬಲ್ಲವನು ಗಾಡಿಯ ಚಕ್ರವನ್ನು ರಸ್ತೆಯಿಂದ ಕೆಳಗಿಳಿಸುವ ಮೊದಲು ಒಂದು ಕ್ಷಣ ನಿಂತಾನು.

ಈಗ ಇನ್ನೊಂದು ಪಕ್ಷವನ್ನೂ ಕೇಳಬೇಕು. ಪ್ರವಾಸಿಗಳು ಬಾರದಿದ್ದರೆ ದ್ವೀಪದ ಗತಿಯೇನು? ಅಂಗಡಿ, ಪೆಟ್ರೋಲು ಬಂಕು, ಹ್ಯಾರಿಸ್ ಟ್ವೀಡ್ ನೇಯುವವರ ಮಗ್ಗದ ಕೊಟ್ಟಿಗೆ, ಎಲ್ಲಕ್ಕೂ ಬೇಸಗೆಯ ನಾಲ್ಕು ತಿಂಗಳ ಗಿರಾಕಿಯೇ ಆಧಾರ. ಆ ಬಟ್ಟೆಯನ್ನು ದ್ವೀಪದವರು ತಮ್ಮ ಮನೆಯಲ್ಲಿಯೇ ಕೈಮಗ್ಗದಿಂದ ನೇಯ್ದಿರಬೇಕೆಂದು 1993ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿದೆ. ಅದನ್ನು ನೇಯ್ದವನ ಕೈಯಿಂದಲೇ ಕೊಳ್ಳುವ ಸುಖವನ್ನು ಪ್ರವಾಸಿಗೆ ಬೇಡವೆನ್ನುವವರು ಯಾರು? ಮನೆಗಾಡಿಯವರು ಕೆಟ್ಟವರೆಂದಲ್ಲ. ಹೋಟೆಲು ತುಂಬಿರುವ ಜುಲೈಯಲ್ಲಿ ತಮ್ಮ ಹಾಸಿಗೆಯನ್ನು ತಾವೇ ತರುವ ಅತಿಥಿಗಳು ಉಪಕಾರಿಗಳೆಂದೂ ವಾದಿಸಬಹುದು. ಬಾಡಿಗೆಗೆ ಕೊಡಲೆಂದು ಹೊರಗಿನವರು ಮನೆಗಳನ್ನು ಕೊಂಡುಹಾಕಿ, ಊರಿನ ನವದಂಪತಿಗೆ ಸೂರು ಸಿಗದಂತೆ ಮಾಡುವುದಕ್ಕಿಂತ ಚಕ್ರದ ಮೇಲಿನ ಮನೆ ವಾಸಿಯಲ್ಲವೆ?

ಈ ವಾದದಲ್ಲಿ ಸತ್ಯವಿದೆ. ಆದರೆ ಅತಿಥಿಧರ್ಮದ ಒಂದು ಸೂಕ್ಷ್ಮ ಇದರಲ್ಲಿ ಬಿಟ್ಟುಹೋಗಿದೆ. ಮನೆಯನ್ನು ಹೊತ್ತು ಬಂದವನಿಗೆ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾದ್ದಿಲ್ಲ. ಇನ್ವರ್‌ನೆಸ್ಸಿನ ದೊಡ್ಡ ಅಂಗಡಿಯಲ್ಲಿ ಹದಿನೈದು ದಿನದ ಸಾಮಗ್ರಿ ತುಂಬಿ, ಟ್ಯಾಂಕು ಭರ್ತಿ ಮಾಡಿಕೊಂಡು ಹಡಗು ಹತ್ತಿದರೆ, ದ್ವೀಪದ ಒಬ್ಬನೊಡನೆಯೂ ಮಾತಾಡದೆ, ಒಂದು ಕಾಸನ್ನೂ ಬಿಚ್ಚದೆ ದ್ವೀಪವನ್ನು 'ನೋಡಿ' ಬರಬಹುದು. ಅವನು ಬಿಟ್ಟುಹೋಗುವುದು ಕಸವನ್ನೂ ಶೌಚದ ಪೆಟ್ಟಿಗೆಯಲ್ಲಿ ತುಂಬಿದ್ದನ್ನೂ. ಆ ಪೆಟ್ಟಿಗೆಯನ್ನು ಬರಿದು ಮಾಡಲು ಗೊತ್ತಾದ ಸ್ಥಳಗಳಿವೆ. ಅವು ಎಲ್ಲ ತಿರುವಿನಲ್ಲಿಯೂ ಇಲ್ಲವೆಂಬ ಕಾರಣಕ್ಕೆ ತೊರೆಗೆ ಸುರಿಯುವವರಿದ್ದಾರೆ. ಕೆಳಗೆ ಅದೇ ತೊರೆಯ ನೀರನ್ನು ಕುರಿ ಕುಡಿಯುತ್ತದೆ.

ದ್ವೀಪದವರು ಬೈದು ಸುಮ್ಮನೆ ಕೂತಿಲ್ಲವೆಂಬುದು ಮೆಚ್ಚತಕ್ಕ ಸಂಗತಿ. ಪಶ್ಚಿಮ ಹ್ಯಾರಿಸ್ ಟ್ರಸ್ಟು ತನ್ನ ತೀರದುದ್ದಕ್ಕೂ ಮನೆಗಾಡಿಗೆಂದೇ ಗಟ್ಟಿನೆಲದ ಕೆಲವು ತಾಣಗಳನ್ನು ಗೊತ್ತುಮಾಡಿದೆ. ಹೊರಜಾಗದ ಹುಶಿನಿಷ್ ತೀರದಲ್ಲಿ ಉತ್ತರ ಹ್ಯಾರಿಸ್ ಟ್ರಸ್ಟು ಸ್ನಾನಗೃಹ, ಶೌಚಗೃಹಗಳ ಕಟ್ಟಡ ಕಟ್ಟಿ, ಪಕ್ಕದಲ್ಲಿ ಗಾಡಿ ನಿಲ್ಲಲು ಜಾಗ ಮಾಡಿದೆ. ಕೆಲವೆಡೆ ಹಣ ಹಾಕಲು ಒಂದು ಡಬ್ಬಿ ಮಾತ್ರ ಇರುತ್ತದೆ, ಕಾವಲಿನವನಿಲ್ಲ. ಆ ಡಬ್ಬಿಯ ಮುಂದೆ ಮನೆಗಾಡಿಯವನ ಪರೀಕ್ಷೆ ನಡೆಯುತ್ತದೆ.

ರಸ್ತೆಯ ಶಿಷ್ಟಾಚಾರವೊಂದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದ್ವೀಪದ ರಸ್ತೆಗಳಲ್ಲಿ ಬಹಳಷ್ಟು ಒಂದೇ ಗಾಡಿಯ ಅಗಲದವು. ಅಲ್ಲಲ್ಲಿ ಸರಿದು ನಿಲ್ಲಲು ಒಂದೊಂದು ಜಾಗವನ್ನು ಗುರುತು ಹಾಕಿ ಬಿಟ್ಟಿರುತ್ತಾರೆ. ಅದು ಎದುರಿನವನಿಗೆ ದಾರಿ ಕೊಡಲು ಮಾತ್ರವಲ್ಲ, ಹಿಂದಿನಿಂದ ಬರುತ್ತಿರುವ ಶಾಲೆಯ ಬಸ್ಸು, ಅಂಚೆಯ ವ್ಯಾನು, ಪಶುವೈದ್ಯರ ಕಾರುಗಳನ್ನು ಮುಂದೆ ಬಿಡಲು ಕೂಡ. ದೃಶ್ಯ ಸವಿಯುತ್ತ ಗಂಟೆಗೆ ಇಪ್ಪತ್ತು ಮೈಲಿಯಲ್ಲಿ ಹೊರಟ ಮನೆಗಾಡಿಯ ಬೆನ್ನಿಗೆ ಹತ್ತು ಕಾರು ಸಾಲುಗಟ್ಟುವುದು ಸಾಮಾನ್ಯ. ಆ ಜಾಗಗಳಲ್ಲಿಯೇ ಗಾಡಿ ನಿಲ್ಲಿಸಿ ರಾತ್ರಿ ಮಲಗುವವರೂ ಇದ್ದಾರಂತೆ. ಅವರ ನಿದ್ರೆಯನ್ನು ನಾವು ಹೊಗಳಲಾರೆವು.

ಭಾನುವಾರದ ವಿಷಯವೂ ಉಂಟು. ಲೂಯಿಸ್, ಹ್ಯಾರಿಸ್ ದ್ವೀಪಗಳ ಪ್ರೆಸ್ಬಿಟೇರಿಯನ್ ಜನರಿಗೆ ಅದು ವಿಶ್ರಾಂತಿಯ, ಪ್ರಾರ್ಥನೆಯ ದಿನ. ಸ್ಟಾರ್ನೋವೇಯಿಂದ ಭಾನುವಾರದ ಹಡಗು ಮೊದಲು ಹೊರಟದ್ದು 2009ರ ಜುಲೈ 19ರಂದು. ದೊಡ್ಡ ಸೂಪರ್‌ಮಾರ್ಕೆಟ್ಟು ಭಾನುವಾರ ಬಾಗಿಲು ತೆರೆದದ್ದು 2024ರ ನವೆಂಬರಿನಲ್ಲಿ. ಎರಡೂ ಸಲ ಊರು ಎರಡಾಗಿ ವಾದಿಸಿತು. ದಕ್ಷಿಣದ ಕ್ಯಾಥೊಲಿಕ್ ದ್ವೀಪಗಳಲ್ಲಿ ಈ ಕಟ್ಟುನಿಟ್ಟಿಲ್ಲ. ಭಾಷೆಯ ಸ್ಥಿತಿ ಇನ್ನೂ ಚಿಂತಾಜನಕ. ಗೇಲಿಕ್ ಮನೆಮಾತಾಗಿ ಉಳಿದಿರುವ ಕೊನೆಯ ಸೀಮೆ ಇದು. 2011ರ ಜನಗಣತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಅದನ್ನು ಆಡಬಲ್ಲವರಾಗಿದ್ದರು, 2022ರ ಹೊತ್ತಿಗೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇದಕ್ಕೆ ಪ್ರವಾಸಿಯೇ ಕಾರಣವೆನ್ನುವುದು ಅನ್ಯಾಯ. ಆದರೆ ಹಡಗುಕಟ್ಟೆಯ ಫಲಕದಲ್ಲಿ ಮೇಲೆ ಬರೆದಿರುವ ಗೇಲಿಕ್ ಹೆಸರನ್ನು ಒಮ್ಮೆಯಾದರೂ ಗಟ್ಟಿಯಾಗಿ ಓದಲು ಪ್ರಯತ್ನಿಸುವ ಪ್ರವಾಸಿ ಎಷ್ಟು ಜನ?

ಈ ದ್ವೀಪಗಳಿಂದ ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರ್ ದೂರದಲ್ಲಿ ಸೇಂಟ್ ಕಿಲ್ಡಾ ಇದೆ. ಅಲ್ಲಿಗೆ ಯಾವ ಮನೆಗಾಡಿಯೂ ಹೋಗಲಾರದು. ಶತಮಾನಗಳ ಕಾಲ ಕಡಲಹಕ್ಕಿಗಳನ್ನು ಹಿಡಿದು ಬದುಕಿದ್ದ ಒಂದು ಪುಟ್ಟ ಸಮಾಜ ಅಲ್ಲಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬೇಸಗೆಯ ಪ್ರವಾಸಿಗಳನ್ನು ತುಂಬಿಕೊಂಡು ಉಗಿಹಡಗುಗಳು ಹೋಗತೊಡಗಿದವು. ದಡಕ್ಕಿಳಿದವರು ಅಲ್ಲಿಯ ಜನರನ್ನು ವಿಚಿತ್ರ ಪ್ರಾಣಿಗಳಂತೆ ನೋಡಿದರು. ಜನ ಅವರಿಗೆ ಕಾಲುಚೀಲ, ಹಕ್ಕಿಯ ಮೊಟ್ಟೆ ಮಾರಿದರು. ಹಣದ ರುಚಿಯೂ ರೋಗದ ಕಿಡಿಯೂ ಆ ಹಡಗುಗಳಲ್ಲಿಯೇ ಬಂದವೆಂದು ಬಲ್ಲವರು ಹೇಳುತ್ತಾರೆ. ಯುವಕರು ಊರು ಬಿಟ್ಟರು. ಕೊನೆಗೆ ಉಳಿದ 36 ಜನ ತಾವಾಗಿಯೇ ಅರ್ಜಿ ಹಾಕಿಕೊಂಡು 1930ರ ಆಗಸ್ಟ್ 29ರಂದು ದ್ವೀಪವನ್ನು ತೊರೆದರು. ಕಾರಣಗಳು ಹಲವು, ಪ್ರವಾಸಿಯೊಬ್ಬನ ಮೇಲೆಯೇ ಹೊರೆ ಹೊರಿಸುವಂತಿಲ್ಲ. ಬೇಸಗೆಯ ಹಡಗಿನಲ್ಲಿ ಎಲ್ಲರಿಗೂ ಜಾಗವಿತ್ತು, ಚಳಿಗಾಲದಲ್ಲಿ ಹಡಗೇ ಇರಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು.

ಹಾಗಾದರೆ ಏನು ಮಾಡತಕ್ಕದ್ದು? ನಮ್ಮ ದೃಷ್ಟಿಯಲ್ಲಿ ಹಡಗಿನ ಅಟ್ಟವನ್ನು ರಸ್ತೆಯೆಂದು ಭಾವಿಸಿದ್ದೇ ಆದರೆ, ರಸ್ತೆಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡುವ ನಿಯಮ ಅಲ್ಲಿಯೂ ಸಲ್ಲಬೇಕು. ಪ್ರತಿ ಪ್ರಯಾಣದಲ್ಲಿಯೂ ಕೆಲವು ಮೀಟರ್ ಜಾಗವನ್ನು ಕೊನೆಯ ಎರಡು ಮೂರು ದಿನಗಳವರೆಗೆ ದ್ವೀಪವಾಸಿಗಳಿಗೆಂದೇ ಕಾದಿರಿಸುವ ಪ್ರಯೋಗ ಕೆಲವು ದ್ವೀಪಗಳ ಹಡಗುಗಳಲ್ಲಿ ನಡೆದಿದೆ. ಇದನ್ನು ಎಲ್ಲ ಮಾರ್ಗಗಳಿಗೂ ವಿಸ್ತರಿಸಲು ಅಡ್ಡಿಯೇನೆಂಬುದು ನಮಗೆ ತಿಳಿಯದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಒಂದು ಹಡಗಿಗೆ ಇಂತಿಷ್ಟೇ ಮನೆಗಾಡಿ ಎಂಬ ಮಿತಿಯೂ ಅಕ್ರಮವಾಗದು. ಸ್ಕಾಟ್ಲೆಂಡಿನ ಪಾರ್ಲಿಮೆಂಟು 2024ರಲ್ಲಿ ಪ್ರವಾಸಿ ತೆರಿಗೆಯ ಕಾಯಿದೆ ಮಾಡಿತು. ಅದು ತಂಗುವ ಕೋಣೆಯ, ಗೊತ್ತಾದ ಬಿಡಾರದ ತಾಣದ ಬಾಡಿಗೆಯನ್ನು ಆಧರಿಸಿದ್ದು. ಹೋಟೆಲಿನಲ್ಲಿ ಇಳಿದವನಿಗೆ ತೆರಿಗೆ ಬೀಳಬಹುದು, ರಸ್ತೆಯಂಚಿನಲ್ಲಿ ಪುಕ್ಕಟೆಯಾಗಿ ಮಲಗಿದವನಿಗೆ ಬೀಳದು. ಊರಿಗೆ ಕೊಡುವವನಿಂದ ಇನ್ನಷ್ಟು ಪಡೆದು, ಏನನ್ನೂ ಕೊಡದವನನ್ನು ಬಿಡುವ ಈ ಏರ್ಪಾಟಿಗಿಂತ, ಹಡಗಿನ ಟಿಕೆಟ್ಟಿನೊಡನೆಯೇ ಗಾಡಿಯ ಉದ್ದಕ್ಕೆ ತಕ್ಕಷ್ಟು ಹಣ ಪಡೆದು ಆಯಾ ಊರಿನ ಟ್ರಸ್ಟಿಗೆ ಒಪ್ಪಿಸುವುದು ಸರಿಯಾದ ದಾರಿ. ಬಂದರಿನಲ್ಲಿಯೇ ವಸೂಲು ಮಾಡುವ ಅಧಿಕಾರ ಬೇಕೆಂಬ ಮಾತು ದ್ವೀಪಗಳ ಸ್ಥಳೀಯ ಆಡಳಿತಗಳಿಂದಲೇ ಬಂದಿದೆ.

ಗಾಡಿಯನ್ನೇ ಮುಖ್ಯಭೂಮಿಯಲ್ಲಿ ಬಿಟ್ಟು ಹೋಗುವ ದಾರಿಯೂ ಉಂಟು. ವ್ಯಾಟರ್ಸೇಯಿಂದ ಲೂಯಿಸ್ಸಿನ ಉತ್ತರದ ತುದಿಯವರೆಗೆ 297 ಕಿಲೋಮೀಟರಿನ ಸೈಕಲ್ ಮಾರ್ಗವನ್ನು 2016ರಲ್ಲಿ ಗುರುತಿಸಿದ್ದಾರೆ. ಹತ್ತು ದ್ವೀಪ, ಆರು ಕಲ್ಲುಕಟ್ಟೆ, ಎರಡು ಹಡಗು ಪ್ರಯಾಣ. ಸೈಕಲ್ಲಿಗೆ ಅಟ್ಟದ ಮೇಲೆ ಜಾಗವಿಲ್ಲವೆಂದು ಯಾರೂ ಹೇಳುವುದಿಲ್ಲ. ಎದುರುಗಾಳಿಗೆ ಮಾತ್ರ ಸಿದ್ಧರಾಗಿರಬೇಕು. ಚಿಕ್ಕ ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಮನೆಗಾಡಿಯಲ್ಲಿಯೇ ಹೋಗಬೇಕೆನ್ನುವ ನಮ್ಮವರು ಮೊದಲು ತಂಗುವ ತಾಣವನ್ನು ಗೊತ್ತುಮಾಡಿಕೊಂಡು ಆಮೇಲೆ ಹಡಗಿನ ಟಿಕೆಟ್ಟು ತೆಗೆಯುವುದು ಮೇಲು. ಗಾಡಿಯ ಉದ್ದವನ್ನು ಸೈಕಲ್ ಕಟ್ಟುವ ಹಿಂಬದಿಯ ಚೌಕಟ್ಟನ್ನೂ ಸೇರಿಸಿ ಸರಿಯಾಗಿ ಬರೆಸಬೇಕು, ಇಲ್ಲವಾದರೆ ಕಟ್ಟೆಯ ಮೇಲೆಯೇ ತಡೆದಾರು. ಹಡಗು ಹೊರಟ ಮೇಲೆ ಗಾಡಿಯಲ್ಲಿ ಕೂತಿರಲು ಬಿಡುವುದಿಲ್ಲ. ಅನಿಲದ ಸಿಲಿಂಡರನ್ನು ಮೊದಲೇ ಮುಚ್ಚಿರಬೇಕು. ಅಕ್ಕಿ, ಬೇಳೆ, ಸಾರಿನ ಪುಡಿ ಇಲ್ಲಿಂದ ಹೋಗಲಿ. ಹಾಲು, ಆಲೂಗಡ್ಡೆ, ಮೊಟ್ಟೆ, ಪೆಟ್ರೋಲುಗಳನ್ನು ದ್ವೀಪದಲ್ಲಿಯೇ ಕೊಳ್ಳಲಿ, ಎರಡು ಪೆನ್ನಿ ಹೆಚ್ಚಾದರೂ ಆಗಲಿ. ಹೋಗುವುದಾದರೆ ಮೇ ತಿಂಗಳು ಮೇಲು. ಹಡಗಿನಲ್ಲಿ ನೂಕುನುಗ್ಗಲು ಕಡಮೆ. ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಕಚ್ಚುನೊಣದ ಸೈನ್ಯ ಇನ್ನೂ ಎದ್ದಿರುವುದಿಲ್ಲ. ಕಾರ್ನ್‌ಕ್ರೇಕ್ ಹಕ್ಕಿ ಆಗಲೇ ಬಂದಿರುತ್ತದೆ. ಅದು ಕಣ್ಣಿಗೆ ಕಾಣುವುದು ಅಪರೂಪ. ನಡುರಾತ್ರಿಯಲ್ಲಿ ಬಾಚಣಿಗೆಯ ಹಲ್ಲನ್ನು ಬೆರಳಿನಿಂದ ಎಳೆದಂತೆ ಕೂಗುತ್ತಲೇ ಇರುತ್ತದೆ, ಗಾಡಿಯೊಳಗೆ ಮಲಗಿದವರಿಗೆ ನಿದ್ರೆ ಬಾರದಷ್ಟು.